ಎರಡನೇ ಪಂಕ್ತಿ

"ನಿನ್ನ ಎಲೆ ನೀನೇ ತೆಗಿ ಮಾರಾಯ. ಎಷ್ಟು ಪದ್ಯ ಬರೆದ್ರೂ ಎಂಜಲು ಎಂಜಲೇ."

ಈಶ್ವರಪ್ರಸಾದರು ಇದನ್ನು ಜಯಪಾಲ ಮಾಸ್ಟ್ರ ಕಿವಿಯ ಹತ್ತಿರ ಬಗ್ಗಿ ಹೇಳಿದರು, ಮೈ ತಾಗದಷ್ಟು ದೂರವಿಟ್ಟುಕೊಂಡು. ಊಟಕ್ಕೆ ಮೊದಲು ಇದೇ ಚಾವಡಿಯಲ್ಲಿ ಮೈಕು ಹಿಡಿದು 'ನಮ್ಮ ವರ್ಕಾಡಿಯ ಹೆಮ್ಮೆ' ಎಂದು ಗದ್ಗದರಾದವರೂ ಇವರೇ. ಮಾಸ್ಟ್ರ ಕವನಸಂಕಲನಕ್ಕೆ ದೊಡ್ಡ ಪ್ರಶಸ್ತಿ ಬಂದಿತ್ತು. ಸನ್ಮಾನ ತಮ್ಮ ಮನೆಯಲ್ಲೇ ಆಗಬೇಕೆಂದು ಹಟ ಹಿಡಿದವರೂ ಇವರೇ.

ಉಂಡವರೆಲ್ಲ ಕೈ ತೊಳೆಯಲು ಹೋಗಿದ್ದರು. ಅವರ ಎಲೆಗಳನ್ನು ಬಡಿಸುವವರು ಎತ್ತಿಯಾಗಿತ್ತು. ಪಂಕ್ತಿಯ ಕೊನೆಯಲ್ಲಿ ಮಾಸ್ಟ್ರದೊಂದೇ ಉಳಿದಿತ್ತು. ಮಾಸ್ಟ್ರು ಹುಟ್ಟಿದ ದಲಿತ ಕಾಲನಿಯವರು ಉಂಡರೆ ತಮ್ಮ ಎಲೆ ತಾವೇ ಎತ್ತಿ, ಕೂತ ಜಾಗಕ್ಕೆ ಸೆಗಣಿ ಸಾರಿಸಿ ಹೋಗುವುದು ಈ ಮನೆಯ ಪದ್ಧತಿ. ಅದೂ ಅಂಗಳದಲ್ಲಿ. ಅವರ ಪೈಕಿ ಚಾವಡಿ ಹತ್ತಿ ಉಂಡವರು ಈವರೆಗೆ ಯಾರೂ ಇಲ್ಲದ್ದರಿಂದ ಇಲ್ಲಿನ ಟೈಲ್ಸಿಗೆ ಸೆಗಣಿಯೋ ಫಿನಾಯಿಲೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಮಾಸ್ಟ್ರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಕನ್ನಡ ಶಾಲೆಯ ಮಾಸ್ಟ್ರಾಗಿ ನೇಮಕದ ಆರ್ಡರ್ ಕೈಗೆ ಬಂದ ದಿನ ಬಸ್ಸಿನಲ್ಲಿ ಹೀಗೇ ಒಬ್ಬರೇ ನಕ್ಕು ಕಂಡಕ್ಟರನಿಂದ ಬೈಸಿಕೊಂಡಿದ್ದರು. ಪ್ರಶಸ್ತಿಯ ಫೋನು ಬಂದಾಗಲೂ ಅಷ್ಟೇ. ಈಗಲೂ ಹೊಟ್ಟೆಯೊಳಗೆ ಕಚಗುಳಿ ಶುರುವಾಗಿತ್ತು.

ಅಷ್ಟರಲ್ಲಿ ಮಾಸ್ಟ್ರ ಅಮ್ಮ, ಐತೆ ಎಂಬ ಮುದುಕಿ, ಬಂದಳು. ಮಗನಿಗೆ ಶಾಲು ಹೊದಿಸುವುದನ್ನು ನೋಡಲು ಬಂದವಳನ್ನು ದನದ ಹಟ್ಟಿಯ ಬದಿಯಲ್ಲಿ ಕೂರಿಸಿದ್ದರು. ಅಂಗಳದಲ್ಲೇ ನಿಂತು ಚಾವಡಿಯ ಅಂಚಿನಿಂದ ಎಲೆಗೆ ಕೈ ಚಾಚಿದಳು.

"ನೀನು ಹೋಗು ಮಗಾ, ನಾನು ತೆಗೀತೇನೆ. ನನಗೆ ಅಭ್ಯಾಸ ಉಂಟು."

ಮಾಸ್ಟ್ರ ನಗು ಅಲ್ಲಿಗೇ ನಿಂತಿತು. ಅಮ್ಮನ ಈ ಕೈ ಇವತ್ತು ಆ ಎಲೆ ಮುಟ್ಟಿದರೆ ತಾನು ಬರೆದದ್ದೆಲ್ಲ ಸುಳ್ಳು. ಮಾಸ್ಟ್ರು ಅವಳ ಕೈ ಹಿಡಿದರು.

"ಬೇಡ ಅಮ್ಮ."

"ಎಂತ ಬೇಡ? ಎರಡನೇ ಪಂಕ್ತಿಯವರು ಹಸಿದು ನಿಂತಿದ್ದಾರೆ, ಬೇವರ್ಸಿ." ಈಶ್ವರಪ್ರಸಾದರ ಸ್ವರ ಈಗ ಇಡೀ ಚಾವಡಿಗೆ ಕೇಳಿಸಿತು. "ಶಾಲು ಹೊದ್ದ ಕೂಡಲೇ ಕಾಲನಿ ಬುದ್ಧಿ ತೋರಿಸ್ತೀಯಾ?"

ಮಾಸ್ಟ್ರು ಆ ಶಾಲನ್ನು ಸರಿಮಾಡಿಕೊಂಡು, ಏಳನೇ ಕ್ಲಾಸಿನವರು ಗಲಾಟೆ ಮಾಡುವಾಗ ನಿಲ್ಲುವಂತೆ ಕೈಕಟ್ಟಿ ನಿಂತರು.

"ಈ ಎಲೆ ಯಾರು ತೆಗೀತೀರಿ? ಕೈ ಎತ್ತಿ ನೋಡುವ."

ಬಾಗಿಲಲ್ಲಿ ಕಾದವರಲ್ಲಿ ಉಪನ್ಯಾಸಕರಿದ್ದರು, ವಿಮರ್ಶಕರಿದ್ದರು, ಬೆಳಿಗ್ಗೆ ಇವರ ಪದ್ಯ ಕೇಳಿ ಕಣ್ಣೊರೆಸಿಕೊಂಡವರಿದ್ದರು. ಒಬ್ಬರು ಮೊಬೈಲ್ ತೆಗೆದರು. ಇನ್ನೊಬ್ಬರಿಗೆ ಮಾಡಿನ ಮರದ ಕೆತ್ತನೆ ಬಹಳ ಹಿಡಿಸಿತು. ಕೈ ಮಾತ್ರ ಒಂದೂ ಮೇಲೆ ಬರಲಿಲ್ಲ.

"ಇವತ್ತು ಹಾಜರಿ ಕಡಿಮೆ ಉಂಟು," ಎಂದರು ಮಾಸ್ಟ್ರು. ಅಲ್ಲಿಗೆ ತಡೆದದ್ದೆಲ್ಲ ಒಡೆಯಿತು. ಹೊಟ್ಟೆ ಹಿಡಿದುಕೊಂಡು, ಕಂಬಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮಗನಿಗೆ ತಲೆ ಕೆಟ್ಟಿತೆಂದು ಐತೆ ಹೆದರಿದಳು. ಆಮೇಲೆ ಎಲೆಯನ್ನು ನೋಡಿದಳು. ಅದರ ತುದಿಯಲ್ಲಿ ಒಂದಿಷ್ಟು ಪಾಯಸ, ಪಾಯಸಕ್ಕೊಂದು ನೊಣ. ಅಷ್ಟಕ್ಕೇ ಬೆದರಿ ನಿಂತ ದೊಡ್ಡವರನ್ನೂ ನೋಡಿದಳು. ಅವಳ ಹಲ್ಲಿಲ್ಲದ ಬಾಯಿ ಬಿರಿಯಿತು. ಹುಟ್ಟಿದ ಮೇಲೆ ಮೊದಲ ಸಲ ಆ ಚಾವಡಿಯ ಮೆಟ್ಟಿಲು ಹತ್ತಿ, ಮಗನ ಎಲೆಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

"ನನಗೂ ಒಂದು ಎಲೆ ಹಾಕಿ ಧಣಿ," ಎಂದಳು. "ಆಮೇಲೆ ಎರಡನ್ನೂ ಒಟ್ಟಿಗೇ ತೆಗೀರಿ."