ಧಾರೆ ಎರೆದ ಅಪ್ಪ

ಶಿಕಾರಿಪುರದ ಸಬ್‌ರಿಜಿಸ್ಟ್ರಾರ್ ಆಫೀಸಿನೆದುರು ತಗಡಿನ ಚಪ್ಪರದ ಕೆಳಗೆ ಇಪ್ಪತ್ತೆಂಟು ವರ್ಷ ಕೂತು ಪತ್ರ ಬರೆದ ಶಾಂತವೀರಪ್ಪನಿಗೆ ತನ್ನ ಅಕ್ಷರದ ಮೇಲೆ ಬಲು ಹೆಮ್ಮೆ. ಆ ಅಕ್ಷರವೇ ಈಗ ಲಾರಿ ಡ್ರೈವರ್ ಈಶ್ವರನ ಹೆಂಡತಿಗೆ ಬಂದ ನೋಟೀಸಿನ ಬೆನ್ನಿಗೆ ಪಿನ್ನು ಚುಚ್ಚಿಸಿಕೊಂಡು ವಾಪಸು ಬಂದಿತ್ತು.

ಈಶ್ವರನ ಹೆಂಡತಿ ಯೋಗೇಶ್ವರಿ ಸಿಲೋನಿನವಳು. ಅಲ್ಲಿ ಗಲಾಟೆ ಎದ್ದಾಗ ಅಪ್ಪನ ಜೊತೆ ದೋಣಿ ಹತ್ತಿ ಬಂದು, ತಮಿಳುನಾಡಿನ ನಿರಾಶ್ರಿತರ ಕ್ಯಾಂಪಿನಲ್ಲಿದ್ದಳು. ಮೆಕ್ಕೆಜೋಳದ ಲೋಡು ಹೊತ್ತು ಆ ಕಡೆ ಓಡಾಡುತ್ತಿದ್ದ ಈಶ್ವರ ಮೆಚ್ಚಿ ಕರೆತಂದ. ತೊಗರ್ಸಿಯ ಮಲ್ಲಿಕಾರ್ಜುನನ ಗುಡಿಯಲ್ಲಿ ಮದುವೆ. ಕ್ಯಾಂಪು ಬಿಟ್ಟು ಬರಲು ಹುಡುಗಿಗೆ ಪರವಾನಗಿ ಸಿಕ್ಕಿತು, ಅವಳ ಅಪ್ಪನಿಗೆ ಸಿಗಲಿಲ್ಲ. ಹಾಗಂತ ಧಾರೆಯಿಲ್ಲದೆ ಮದುವೆ ಆದೀತೇ? ಊರಿನ ಗೋಪಾಲಪ್ಪ, ದುರ್ಗಮ್ಮ ಗಂಡಹೆಂಡತಿ ಕೂತು ಧಾರೆ ಎರೆದರು. ಅಲ್ಲಿಂದಾಚೆ ಯುಗಾದಿಗೆ, ಗೌರಿಹಬ್ಬಕ್ಕೆ ಅವಳು ತವರಿಗೆ ಅಂತ ಹೋಗುತ್ತಿದ್ದದ್ದು ಆ ಮನೆಗೇ.

ತೊಂಬತ್ತೊಂದರ ಬೇಸಿಗೆಯಲ್ಲಿ ತಮಿಳುನಾಡಿನಲ್ಲಿ ಮಾಜಿ ಪ್ರಧಾನಿಯನ್ನು ಕೊಂದ ಬಾಂಬಿನ ಸುದ್ದಿ ಬಂತು. ಸಿಲೋನಿನವರನ್ನೆಲ್ಲ ಹುಡುಕುತ್ತಾರಂತೆ ಅಂತ ಯಾರೋ ಅಂದರು. ಈಶ್ವರ ಹೆದರಿ, ಮದುವೆ ರಿಜಿಸ್ಟರ್ ಮಾಡಿಸೋಣವೆಂದು ಹೆಂಡತಿಯನ್ನು ಕಟ್ಟಿಕೊಂಡು, ಮೊದಲಿಂದಲೂ ಕಾಕಾ ಅಂತ ಕರೆಯುತ್ತಿದ್ದ ಶಾಂತವೀರಪ್ಪನ ಚಪ್ಪರಕ್ಕೆ ಓಡಿಬಂದ. ‘ವಧುವಿನ ತಂದೆಯ ಹೆಸರು’ ಅನ್ನುವ ಕಾಲಮ್ಮಿನಲ್ಲಿ ಶಾಂತವೀರಪ್ಪ ಯಾರನ್ನೂ ಕೇಳದೆ ‘ಗೋಪಾಲಪ್ಪ, ತೊಗರ್ಸಿ’ ಅಂತ ದುಂಡಗೆ ಬರೆದ.

“ನಮ್ಮಪ್ಪ ಅವರಲ್ಲ ಮಾವಾರೇ...” ಅಂದಳು ಹುಡುಗಿ.

“ಧಾರೆ ಎರೆದವನೇ ಅಪ್ಪ ಕಣವ್ವ, ನಮ್ಮ ಕಡಿ ಹಂಗೇ. ಕಾಲ ಸರಿ ಇಲ್ಲ, ಸುಮ್ಮನಿರು.”

ಅವಳು ಸುಮ್ಮನಾದಳು. ಅವನಿಗೋ, ಒಂದು ಹೆಣ್ಣು ಜೀವವನ್ನು ಕಾಪಾಡಿದೆ ಅನ್ನುವ ಸಮಾಧಾನ.

ಐದು ವರ್ಷ ಕಳೆದ ಮೇಲೆ ಯೋಗೇಶ್ವರಿ ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಿದಳು. ವಿಚಾರಣೆಯಾಯಿತು. ಕ್ಯಾಂಪಿನ ಕಾರ್ಡಿನಲ್ಲಿ ಒಬ್ಬ ಅಪ್ಪ, ಮದುವೆ ಕಾಗದದಲ್ಲಿ ಇನ್ನೊಬ್ಬ. ಸುಳ್ಳು ದಾಖಲೆ ಕೊಟ್ಟಿದ್ದೀರಿ, ಹದಿನೈದು ದಿನದಲ್ಲಿ ಸಮಜಾಯಿಷಿ ಕೊಡದಿದ್ದರೆ ಅರ್ಜಿ ವಜಾ, ಇಲ್ಲಿರುವ ಪರವಾನಗಿಯೂ ರದ್ದು ಅಂತ ನೋಟೀಸು. ಅಂದರೆ ನಾಲ್ಕು ವರ್ಷದ ಮಗಳು ಧನ್ಯಾಳನ್ನು ಬಿಟ್ಟು ಗಡೀಪಾರು.

ಶಾಂತವೀರಪ್ಪ ಅಂದಿನಿಂದ ಚಪ್ಪರದಲ್ಲಿ ಕೂರಲಿಲ್ಲ. ತಾನೇ ಮುಂದೆ ನಿಂತು ಅವರನ್ನು ವಕೀಲರಿಂದ ವಕೀಲರಿಗೆ ಕರೆದೊಯ್ದ. “ಪೋಡಿ, ಪಹಣಿ, ಪಾಲುಪಟ್ಟಿ ಇದ್ರೆ ತರ್ರೀ. ಜಮೀನಿನ ಗಡಿ ಆದ್ರೆ ಗೊತ್ತು, ದೇಶದ ಗಡಿ ನಮಗೆಲ್ಲಿ ಗೊತ್ತು?” ಅಂತ ಒಬ್ಬರು ನಕ್ಕು ಕಳಿಸಿದರು. ಇನ್ನೊಬ್ಬರು ಪೌರತ್ವ ಅಂದದ್ದನ್ನು ಪೌತಿ ಅಂತ ಕೇಳಿಸಿಕೊಂಡು, “ಸತ್ತವರು ಯಾರು?” ಅಂದರು. ಈಶ್ವರ ಮಾತ್ರ ಕಂಡಕಂಡವರಿಗೆಲ್ಲ “ನಮ್ಮ ಕಾಕಾ ಇರದಿದ್ರೆ ನಮ್ಮ ಗತಿ ಏನಾಗ್ತಿತ್ತೋ” ಅನ್ನುತ್ತಿದ್ದ. ಆ ಮಾತು ಬಂದಾಗಲೆಲ್ಲ ಶಾಂತವೀರಪ್ಪ ಎಲೆಅಡಿಕೆ ಉಗಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದ. ಗೋಪಾಲಪ್ಪನ ಹೆಸರು ಬರೆದವನು ತಾನು, ಹುಡುಗಿಯದೇನೂ ತಪ್ಪಿಲ್ಲ: ಇಷ್ಟು ಹೇಳಿದರೆ ಮುಗಿಯಿತು. ಹೇಳಿದರೆ ಪತ್ರ ಬರೆಯುವ ಲೈಸೆನ್ಸೂ ಮುಗಿಯಿತು.

ಹನ್ನೊಂದನೇ ದಿನ, ಸೊರಬದಲ್ಲಿ ಶಾಲಿನಿ ಅಂತ ಒಬ್ಬರು ವಕೀಲರು ಇಂಥ ಕೇಸು ಬಲ್ಲರು ಅಂತ ಗೊತ್ತಾಗಿ ಮೂವರೂ ಬಸ್ಸು ಹತ್ತಿದರು. ಮನೆಯ ಮುಂದಿನ ಕೋಣೆಯೇ ಆ ಹೆಣ್ಣುಮಗಳ ಆಫೀಸು. ಕಾಗದವನ್ನೆಲ್ಲ ಓದಿ ಕನ್ನಡಕ ತೆಗೆದಳು.

“ಅಲ್ಲ ಮಾರಾಯ್ರೇ, ಸ್ವಂತ ಅಪ್ಪನ ಹೆಸರು ಬಿಟ್ಟು ಬೇರೆಯವರದ್ದು ಯಾಕೆ ಬರೆದ್ರಿ?”

ಯೋಗೇಶ್ವರಿ ನೋಟೀಸನ್ನು ಮಡಚತೊಡಗಿದಳು.

“ಸರಿ. ಈ ಕಾಗದ ಬರೆದವರು ಯಾರು? ಅವರು ಬಂದು, ಹೀಗಾಯ್ತು ಅಂತ ಪ್ರಮಾಣಪತ್ರ ಕೊಟ್ರೆ ಒಂದು ದಾರಿ ಉಂಟು. ಕೊಡದಿದ್ರೆ ಸುಳ್ಳು ನಿನ್ನ ತಲೆ ಮೇಲೇ ಬರ್ತದೆ.”

ಈಶ್ವರ ಬಾಯಿ ತೆರೆದ. ಯೋಗೇಶ್ವರಿ ಅವನ ಅಂಗಿಯ ತುದಿ ಜಗ್ಗಿದಳು.

“ಗೊತ್ತಿಲ್ಲ ಮೇಡಂ. ಆಫೀಸಿನ ಮುಂದೆ ಬಾಳ ಜನ ಕೂತಿರ್ತಾರ. ಯಾರೋ ಬರೆದ್ರು.”

ಆ ‘ಯಾರೋ’ ಅನ್ನುವ ಮಾತು ಶಾಂತವೀರಪ್ಪನ ಎದೆಗೆ ಒನಕೆ ಪೆಟ್ಟಿನಂತೆ ಬಿತ್ತು. ಮಗಳನ್ನು ಬಿಟ್ಟು ಹೋಗಬೇಕಾದವಳು ತನ್ನ ಅನ್ನ ಕಾಯಲು ಸುಳ್ಳು ಹೇಳುತ್ತಿದ್ದಾಳೆ! ಎಲ್ಲ ತಿಳಿದೂ ಈ ಹನ್ನೊಂದು ದಿನ ತನ್ನನ್ನು ಮಾವಾರೇ ಅಂತ ಕರೆದಿದ್ದಾಳೆ.

“ನಾನ್ರೀ,” ಅಂದ. ಎದ್ದು ನಿಂತು ಇನ್ನೊಮ್ಮೆ ಅಂದ. “ನಾನ್ರೀ ಮೇಡಂ ಬರೆದದ್ದು. ಈ ಹುಡುಗಿ ಬ್ಯಾಡ ಅಂದಿದ್ಲು. ನಾನೇ ಬಾಯಿ ಮುಚ್ಚಿಸಿದೆ.”

“ಹಾಗಿದ್ರೆ ಇಷ್ಟು ದಿನ ಏನು ಮಾಡ್ತಿದ್ರಿ?”

“ಇವರ ಜೊತೆ ವಕೀಲರನ್ನ ಹುಡುಕ್ತಿದ್ದೆ.”

ಶಾಲಿನಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. “ನೋಡಿ, ಲೈಸೆನ್ಸು ಹೋಗಬಹುದು. ಕೇಸೂ ಆಗಬಹುದು. ಇಷ್ಟಾದ್ರೂ ಪೌರತ್ವ ಸಿಕ್ಕೇ ಸಿಕ್ತದೆ ಅಂತ ನಾನು ಹೇಳೋದಿಲ್ಲ. ಸುಳ್ಳು ಇವಳದ್ದಲ್ಲ ಅಂತಾದ್ರೂ ಆಗ್ತದೆ. ಬರೀತೀರಾ?”

“ಬರೀತೀನ್ರೀ.”

“ಮಾವಾರೇ, ಬ್ಯಾಡ್ರೀ. ಈ ವಯಸ್ಸಿನಾಗೆ...” ಅಂದಳು ಯೋಗೇಶ್ವರಿ.

“ಸುಮ್ಮನಿರು ಅಂತ ಇನ್ನೊಮ್ಮೆ ನನ್ನ ಕೈಲಿ ಅನ್ನಿಸಬೇಡವ್ವ,” ಅಂದ ಶಾಂತವೀರಪ್ಪ.

ಕಾಗದ ಎಳೆದುಕೊಂಡ. ತನ್ನ ಹೆಸರು, ವಯಸ್ಸು, ಕಸುಬು ಬರೆದ. ‘ಸದರಿ ಯೋಗೇಶ್ವರಿ ಇವರ ನಿಜವಾದ ತಂದೆ’ ಅನ್ನುವಲ್ಲಿಗೆ ಬಂದು ಪೆನ್ನು ನಿಂತಿತು. ಎಷ್ಟೋ ಮನೆತನಗಳ ಮೂರು ತಲೆಮಾರಿನ ಹೆಸರು ಬಾಯಿಪಾಠವಿದ್ದ ಮನುಷ್ಯ, ಇದೊಂದನ್ನು ಕೇಳಿರಲೇ ಇಲ್ಲ.

“ನಿಮ್ಮಪ್ಪನ ಹೆಸರೇನವ್ವ?”

“ನಲ್ಲತಂಬಿ,” ಅಂದಳು.

ಅವನಿಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಕೇಳಿದ. ಅವಳು ಕುರ್ಚಿಯನ್ನು ಹತ್ತಿರ ಸರಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅವಳು ಹೇಳಿದಂತೆಯೇ ಅವನು ನಿಧಾನವಾಗಿ ಬರೆದ. ಅಕ್ಷರ ದುಂಡಗೆ ಬರಲಿಲ್ಲ.