ಕೊಳೆಬಟ್ಟೆ ಗಂಟಿನ ಕವಿತೆ

“ಎಷ್ಟು ಸಲ ಹೇಳೋದೇ ಮುಂಡೆ ನಿಂಗೆ? ನಿನ್ನ ಮಗಳೇನು ಸತ್ತಿಲ್ಲ. ಮೂರು ಹೊತ್ತು ತಿಂದ್ಕೊಂಡು ಬಿದ್ದಿದ್ದಾಳೆ. ನಡಿ, ನಡಿ!”

ಜಡ್ಜ್ ಸಾಹೇಬರ ಮನೆಯ ಕಾವಲಿನವನು ಗೇಟು ಎಳೆದುಕೊಂಡ. ನನ್ನ ಬೆರಳು ಸಂದಿಯಲ್ಲಿತ್ತು. ಅವನು ಅದನ್ನು ನೋಡಿಯೇ ಎಳೆದ.

ಆ ಮನೆಯ ಕಸಮುಸುರೆಗೆ ಬಿಟ್ಟ ನನ್ನ ಹದಿಮೂರರ ಮಗಳು ಹನ್ನೆರಡು ದಿನದಿಂದ ಹೊರಗೆ ಬಂದಿಲ್ಲ. ಗಾಜಿನ ದೀಪ ಒಡೆದಳೆಂದು ಸಾಮಾನಿನ ಕೋಣೆಗೆ ನೂಕಿ ಬೀಗ ಜಡಿದಿದ್ದಾರೆ, ನಿನ್ನೆಯಿಂದ ಅಳುವುದೂ ಕೇಳಿಸುತ್ತಿಲ್ಲ ಎಂದು ಅಲ್ಲಿನ ಅಡುಗೆಯವಳು ನಲ್ಲಿಯ ಬಳಿ ಪಿಸುಗುಟ್ಟಿದ್ದಳು. ಅಯ್ಯೋ, ನನ್ನ ಕೈಯಾರೆ ಬಿಟ್ಟು ಬಂದೆನಲ್ಲ ಎಂದು ಬಾಯಿ ಬಡಿದುಕೊಳ್ಳುತ್ತ, ನಾನು ಬಟ್ಟೆ ಒಗೆಯುವ ಮನೆಯ ಅಮ್ಮಾವ್ರ ಹತ್ತಿರ ಓಡಿದೆ.

ಅಮ್ಮಾವ್ರು ಕವಿತೆ ಬರೆಯುತ್ತಾರೆ. ಹೆಂಗಸು ಬರೆಯುವುದೆಂದರೆ ಈ ಊರಿನಲ್ಲಿ ಅವರೇ ಮೊದಲು. ಅವರ ಯಜಮಾನರು ಒಮ್ಮೆ ಹಾಳೆಗಳನ್ನೆಲ್ಲ ಒಲೆಗೆ ಹಾಕಿದ್ದರು. ಅಂದಿನಿಂದ ಅವರು ಬರೆದದ್ದು ಅಚ್ಚಿನ ಮನೆ ಸೇರುವುದು ನನ್ನ ಕೊಳೆಬಟ್ಟೆಯ ಗಂಟಿನಲ್ಲಿ. ಹೆಂಗಸರ ಒಳಬಟ್ಟೆಯ ನಡುವೆ ಯಾವ ಗಂಡಸೂ ಕೈ ಹಾಕುವುದಿಲ್ಲ. ಸರ್ಕಾರವನ್ನು ಉಗಿದದ್ದು, ಬರೆಯುವುದೇನು ಗಂಡಸರಪ್ಪನ ಆಸ್ತಿಯೇ ಎಂದು ಕೇಳಿದ್ದು, ಎಲ್ಲವನ್ನೂ ಒಂಬತ್ತು ವರ್ಷ ಹೊತ್ತಿದ್ದೇನೆ. ದಿನದ ಬಟ್ಟೆಯನ್ನು ನಾನು ಅವರ ಹಿತ್ತಿಲ ಕಲ್ಲಿನಲ್ಲೇ ಒಗೆಯುವಾಗ ಅಮ್ಮಾವ್ರು ಪಕ್ಕದಲ್ಲಿ ನಿಂತು ಓದುತ್ತಿದ್ದರು. ಕಲ್ಲಿನ ಏಟಿಗೆ ಸಾಲು ಕೂತರೆ ಸರಿ, ಇಲ್ಲದಿದ್ದರೆ ತಿದ್ದುತ್ತಿದ್ದರು.

“ಅಮ್ಮಾ, ನೀವೊಂದು ಮಾತು ಹೇಳಿ. ಜಡ್ಜ್ ಸಾಹೇಬ್ರು ನಿಮ್ಮ ಮಾತು ತೆಗೆದುಹಾಕಲ್ಲ,” ಎಂದು ಕಾಲು ಹಿಡಿದೆ.

ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. “ಇವತ್ತು ಹೇಗೆ ಹೇಳಲೇ? ಸಂಜೆ ಸಭೆಗೆ ಅವರೇ ಅಧ್ಯಕ್ಷರು. ಅವರು ಬರ್ತಾರೆ ಅಂತಲೇ ನಮ್ಮನೆಯೋರು ಒಪ್ಪಿರೋದು. ಇಷ್ಟು ವರ್ಷ ಹೆಸರಿಲ್ಲದೆ ಬರೆದೋಳು, ಮೊದಲ ಸಲ ನನ್ನ ಬಾಯಿಂದ ಓದ್ತಿದ್ದೀನಿ ಕಣೇ. ನಾಳೆ ಹೇಳ್ತೀನಿ.”

“ನಾಳೆಗೆ ಹೆಣ ಸಿಗುತ್ತೆ.”

“ಬಿಡ್ತು ಅನ್ನು! ಸಭೆಗೆ ಬಾ. ನೀರು ಕೊಡೋಕೆ ಜನ ಬೇಕು.”

ಹೋದೆ. ಆ ಮನುಷ್ಯ ಅಲ್ಲಾದರೂ ಕೈಗೆ ಸಿಗುತ್ತಾನಲ್ಲ.

ವೇದಿಕೆಯ ಮೇಲೆ ಸಾಹೇಬರು ಕಣ್ಣು ಅರೆಮುಚ್ಚಿ ಕೂತಿದ್ದರು. ಅಮ್ಮಾವ್ರು ‘ತಂಗಿ’ ಎಂಬ ಕವಿತೆ ಓದಿದರು.

“ಬಾಗಿಲು ತೆರೆಯಿರಿ, ಒಳಗಿದ್ದಾಳೆ ತಂಗಿ,
ಕೀಲಿ ನಿಮ್ಮದೇ ಜೇಬಿನಲಿ...”

ಹೆಂಗಸರು ಕಣ್ಣೊರೆಸಿಕೊಂಡರು. ಸಾಹೇಬರು “ವಾಹ್!” ಎಂದರು.

ನೀರಿನ ಲೋಟಗಳ ತಟ್ಟೆ ಹಿಡಿದು ಅವರ ಮುಂದೆಯೇ ನಿಂತಿದ್ದೆ. ತಟ್ಟೆ ಬಿಸಾಡಿ ಕೋಟಿನ ಕಾಲರ್ ಹಿಡಿದೆ.

“ಬಾಗ್ಲು ತೆಗಿಯೋ ಬೋಳಿಮಗನೆ! ನನ್ನ ಮಗಳು ನಿನ್ನ ಸಾಮಾನಿನ ಕೋಣೇಲಿದ್ದಾಳೆ. ಕೀಲಿ ಕೊಡೋ!”

ಸಭೆ ಚಪ್ಪಾಳೆ ತಟ್ಟಿತು. ಇದೂ ಕವಿತೆಯ ಜೊತೆಗಿನ ನಾಟಕ ಎಂದುಕೊಂಡರು. ಹಿಂದಿನವರು ಎದ್ದು ನಿಂತು ತಟ್ಟಿದರು. ಸಾಹೇಬರು ನಗಲು ನೋಡಿದರು, ಆದರೆ ಕುತ್ತಿಗೆ ನನ್ನ ಮುಷ್ಟಿಯಲ್ಲಿತ್ತು.

“ಅಮ್ಮಾ, ಇದು ನಾಟಕ ಅಲ್ಲ ಅಂತ ಹೇಳ್ರಮ್ಮಾ!”

ಅಮ್ಮಾವ್ರು ಮುಂದಿನ ಸಾಲಿನಲ್ಲಿದ್ದ ಗಂಡನನ್ನು ನೋಡಿದರು. ಕೈಯ ಹಾಳೆಯನ್ನು ಮಡಚಿ ಸೆರಗಿನೊಳಗೆ ಸೇರಿಸಿದರು.

ನನಗೆ ಓದು ಬಾರದು. ಆದರೆ ಆ ಕವಿತೆ ನನ್ನ ಕಲ್ಲಿನ ಮೇಲೆ ಹುಟ್ಟಿದ್ದು. ಎಡಗೈಯಿಂದ ಮೇಜು ಬಡಿಯುತ್ತ ಮೊದಲ ಸಾಲಿನಿಂದ ಶುರು ಮಾಡಿದೆ. ಚಪ್ಪಾಳೆ ಒಂದೊಂದಾಗಿ ನಿಂತಿತು. ಪೊಲೀಸಿನವರು ಮೆಟ್ಟಿಲು ಹತ್ತಿ ಬಂದು ನನ್ನ ಜಡೆ ಹಿಡಿದು ಎಳೆದರು. ಎರಡನೆಯ ಸಾಲು ಹೇಳಿದೆ. ಕಾಲರ್ ಬಿಡಲಿಲ್ಲ.