ಯಾರ ಆಕ್ಷೇಪವೂ ಇಲ್ಲ

ಶನಿವಾರ ಬೆಳಿಗ್ಗೆ ಓದುವ ಮೇಜಿನ ಮೇಲೆ, ಕನ್ನಡಕದ ಡಬ್ಬಿಯ ಅಡಿಯಲ್ಲಿ, ಒಂದು ಬಿಳಿ ಹಾಳೆ ಸಿಕ್ಕಿತು. ತಲೆಬರಹವಿಲ್ಲ, ತಾರೀಕಿಲ್ಲ, ಸಹಿಯಿಲ್ಲ. ಟೈಪು ಮಾಡಿದ ನಾಲ್ಕೇ ಸಾಲು.

ವಿದೇಶಾಂಗ ಸೇವೆಯಲ್ಲಿ ಇಪ್ಪತ್ತಾರು ವರ್ಷ ಸವೆದಿದ್ದ ಅವರಿಗೆ ಇದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಕಚೇರಿಯಲ್ಲಿ ಇದನ್ನು ನಾನ್‌ಪೇಪರ್ ಎನ್ನುತ್ತಾರೆ. ಒಂದು ದೇಶ ಇನ್ನೊಂದರ ಮನಸ್ಸು ತಿಳಿಯಲು ಇಂಥ ಹೆಸರಿಲ್ಲದ ಹಾಳೆಯನ್ನು ಕಾಫಿ ಲೋಟದ ಪಕ್ಕದಲ್ಲಿ ಮೆಲ್ಲಗೆ ಸರಿಸುತ್ತದೆ. ಬರೆದವರು ಯಾರೆಂದು ಕೇಳುವಂತಿಲ್ಲ. ಮಾತು ಮುರಿದುಬಿದ್ದರೆ ಆ ಹಾಳೆ ಹುಟ್ಟಿಯೇ ಇರಲಿಲ್ಲ ಎಂದು ಲೆಕ್ಕ. ಇದನ್ನೆಲ್ಲ ಅವರೇ ಊಟಕ್ಕೆ ಕೂತಾಗ ಮನೆಯವರ ಕಿವಿ ತೂತಾಗುವಷ್ಟು ಸಲ ಹೇಳಿದ್ದರು. ಈಗ ಅದು ತಿರುಗಿ ಅವರ ಮೇಜಿಗೇ ಬಂದಿತ್ತು.

ಮನೆಯಲ್ಲಿ ಅವರಿಗೆ 'ನೋಡೋಣ' ಎಂದು ಅಡ್ಡಹೆಸರು. ಬೆಕ್ಕು ಸಾಕೋಣವೇ ಎಂದರೆ ನೋಡೋಣ, ಗೋಡೆಗೆ ಬಣ್ಣ ಹೊಡೆಸೋಣವೇ ಎಂದರೂ ನೋಡೋಣ. ಮೊನ್ನೆ, ಬಾಯಿಬಿಟ್ಟು ಕೇಳದೆ ಇಷ್ಟು ವರ್ಷ ಕಾದಿದ್ದ ರಾಯಭಾರಿ ಹುದ್ದೆ ಕೊನೆಗೂ ಬಂದಾಗ, ಮೊದಲ ಸಲ ಮನೆಯವರು 'ನೋಡೋಣ' ಎಂದರು. ಸೋಮವಾರದೊಳಗೆ ಇಲಾಖೆಗೆ ಉತ್ತರ ಕೊಡಬೇಕಿತ್ತು.

ಹಾಳೆಯಲ್ಲಿ ಹೀಗಿತ್ತು. ಒಂದು: ಮಗಳು ಶಾಲೆಯ ಕೊನೆಯ ಎರಡು ವರ್ಷ ಇಲ್ಲೇ ಮುಗಿಸುವಳು. ಎರಡು: ಅಜ್ಜಿ ಇನ್ನು ಪೆಟ್ಟಿಗೆ ಕಟ್ಟುವುದಿಲ್ಲ. ಮೂರು: ಪರದೆಗಳನ್ನು ಈ ಮನೆಯ ಕಿಟಕಿಯ ಅಳತೆಗೆ ಕತ್ತರಿಸಲಾಗುವುದು. ನಾಲ್ಕು: ಸಂಬಂಧಪಟ್ಟವರು ಹೊಸ ಹುದ್ದೆಗೆ ಒಬ್ಬರೇ ಹೋಗಬಹುದು, ಇದಕ್ಕೆ ಯಾರ ಆಕ್ಷೇಪವೂ ಇಲ್ಲ.

ಪರದೆಯ ಸಾಲಿಗೆ ನಗು ಬಂತು. ಏಳು ಊರು, ಏಳು ಮನೆ, ಅವೇ ಪರದೆಗಳು. ಮುಂದಿನ ಮನೆಯ ಕಿಟಕಿ ಎಷ್ಟುದ್ದವೋ ಏನೋ ಎಂದು ಹೆಂಡತಿ ಎಂದೂ ಕತ್ತರಿ ತಾಗಿಸಿರಲಿಲ್ಲ. ಮೊಳದುದ್ದ ಬಟ್ಟೆ ಅಡಿಯಲ್ಲಿ ಮಡಿಸಿ ಹೊಲಿಯುವುದು, ವರ್ಗವಾದಾಗ ಬಿಚ್ಚುವುದು.

ನಾಲ್ಕನೆಯ ಸಾಲಿಗೆ ನಗು ಬರಲಿಲ್ಲ. ಆಕ್ಷೇಪವಿಲ್ಲ ಎಂದು ಬರೆದ ಕಡೆಯಲ್ಲೆಲ್ಲ ಯಾರೋ ಒಬ್ಬರು ಹಲ್ಲು ಕಚ್ಚಿ ಕೂತಿರುತ್ತಾರೆ ಎಂಬುದು ಅವರ ಅನುಭವ. ನಿಜಕ್ಕೂ ಇಲ್ಲದಿದ್ದರೆ ಆ ಮಾತು ಬರೆಯಬೇಕೆಂದು ಯಾರಿಗೂ ಹೊಳೆಯುವುದೇ ಇಲ್ಲ. ಹಾಗಾದರೆ ಈ ಮನೆಯಲ್ಲಿ ಹಲ್ಲು ಕಚ್ಚಿದವರು ಯಾರು?

ಕೇಳುವಂತಿರಲಿಲ್ಲವಲ್ಲ, ಔತಣಕೂಟದಲ್ಲಿ ಸುತ್ತುವ ಹಾಗೆ ಮನೆಯೊಳಗೇ ಸುತ್ತು ಹೊಡೆದರು. ತಾಯಿ ಬಾಲ್ಕನಿಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಬಿಸಿಲಿನ ಮಾತು ತೆಗೆದರೆ, ತನಗೆ ಟೈಪು ಮಾಡಲು ಬರುವುದಿಲ್ಲ ಎಂದು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರು. ಮಗಳು ಪುಸ್ತಕದಿಂದ ತಲೆಯೆತ್ತಲಿಲ್ಲ.

"ಅಪ್ಪಾ, ಯಾರು ಬರೆದ್ರು ಅಂತ ಹುಡುಕೋದು ಮರ್ಯಾದೆ ಅಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು."

"ಯಾವ ಹಾಳೆ?"

"ಅದೇ ನಾನೂ ಕೇಳ್ತಿದೀನಿ. ಯಾವ ಹಾಳೆ?"

ಮೊದಲ ಮೂರು ಸಾಲು ಯಾರ್ಯಾರದೆಂದು ಮುಖ ನೋಡಿದರೇ ಗೊತ್ತಾಗುವಂತಿತ್ತು. ನಾಲ್ಕನೆಯದು ಎಳೆದಾಡಿ ಬಂದ ಸಾಲು. ಉಪ್ಪು ಎಷ್ಟು ಹಾಕಬೇಕೆಂಬುದಕ್ಕೂ ಒಮ್ಮತಕ್ಕೆ ಬರದ ಅತ್ತೆ ಸೊಸೆ, ಜೊತೆಗೊಬ್ಬ ಹಟಮಾರಿ ಹುಡುಗಿ. ಮೂರು ಪಕ್ಷ ಕೂತು ಮಾತಾಡಿ, ಒಪ್ಪಂದವೂ ಆಗಿ, ತಮಗೆ ಸುಳಿವೇ ಹತ್ತಿರಲಿಲ್ಲ. ಬೇರೆ ದೇಶದಲ್ಲಿ ಹೀಗಾಗಿದ್ದರೆ ಇಲಾಖೆ ಅವರನ್ನು ವಾಪಸು ಕರೆಸಿಕೊಳ್ಳುತ್ತಿತ್ತು.

ಹಾಲ್‌ನಲ್ಲಿ ಹೆಂಡತಿ ಸ್ಟೂಲು ಹತ್ತಿ ಪರದೆಯ ಕೊಕ್ಕೆ ಬಿಡಿಸುತ್ತಿದ್ದಳು. ಅವರು ಸ್ಟೂಲು ಹಿಡಿದುಕೊಂಡರು.

"ನಾಲ್ಕನೇ ಸಾಲು ಯಾರದು?"

"ಕೇಳಬಾರದಲ್ವಾ?"

"ಕೇಳ್ತಿದೀನಿ."

ಹೆಂಡತಿ ಇನ್ನೊಂದು ಕೊಕ್ಕೆ ಬಿಡಿಸಿದಳು. "ಅತ್ತೆದು. ಇಷ್ಟು ವರ್ಷ ಕಾದಿದಾನೆ, ನಮ್ಮಿಂದ ತಪ್ಪಿಹೋಗೋದು ಬೇಡ ಅಂದ್ರು. ಮಗಳೂ ಹೂಂ ಅಂದ್ಲು. ನಾನೊಬ್ಬಳು ಬೇಡ ಅಂದೆ, ಸೋತೆ."

"ಮತ್ತೆ ಆಕ್ಷೇಪ ಇಲ್ಲ ಅಂತ?"

"ಅದನ್ನ ಸೇರಿಸಿದ್ದು ನಾನು. ಅವರಿಬ್ಬರಿಗೆ ಗೊತ್ತಾಗಲ್ಲ. ನಿಮಗೆ ಗೊತ್ತಾಗುತ್ತಲ್ಲ, ಅದಕ್ಕೆ."

ಸ್ಟೂಲು ಹಿಡಿದಿದ್ದ ಅವರ ಕಣ್ಣ ಮುಂದೆ ರಾಯಭಾರಿಯ ಬಾವುಟ ಹಾರುವ ಕಾರು ಬಂತು. ಇಪ್ಪತ್ತು ಜನ ಕೂರುವ ಊಟದ ಮೇಜೂ, ಅದರ ಒಂದು ತುದಿಯಲ್ಲಿ ಒಂದೇ ತಟ್ಟೆಯೂ ಬಂತು. ಕಾರಿನ ಆಸೆ ಸುಳ್ಳಲ್ಲ. ಜೇಬಿನಿಂದ ಪೆನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು ನಾಲ್ಕನೆಯ ಸಾಲು ಹೊಡೆದುಹಾಕಿದರು. ಕೆಳಗೆ ಪೂರ್ತಿ ಹೆಸರು ಬರೆದು, ತಾರೀಕು ಹಾಕಿ ಸಹಿ ಮಾಡಿದರು. ನಾನ್‌ಪೇಪರಿಗೆ ಸಹಿ ಹಾಕಿದ್ದು ಅವರ ಸೇವೆಯಲ್ಲಿ ಇದೇ ಮೊದಲು. ಇನ್ನು ಆ ಹಾಳೆ ಹುಟ್ಟಿಯೇ ಇರಲಿಲ್ಲ ಎನ್ನುವಂತಿರಲಿಲ್ಲ.

ಹೆಂಡತಿ ಸ್ಟೂಲಿನ ಮೇಲಿಂದಲೇ ಬಗ್ಗಿ ಓದಿದಳು. ಇಳಿದು ಬಂದು ಪರದೆಯ ಒಂದು ಅಂಚು ಅವರ ಕೈಗಿತ್ತಳು.

"ಗಟ್ಟಿಯಾಗಿ ಹಿಡೀರಿ. ಎಳೀಬೇಡಿ."

ಮಡಿಕೆ ಬಿಚ್ಚಿದ ಬಟ್ಟೆಯಲ್ಲಿ ಹಳೆಯ ಹೊಲಿಗೆಗಳ ಗುರುತು ಒಂದರ ಮೇಲೊಂದು ಕಾಣುತ್ತಿತ್ತು, ಊರಿಗೊಂದು. ಒಂದು ಗೆರೆ ಮಾತ್ರ ಉಳಿದವಕ್ಕಿಂತ ಗೇಣಷ್ಟು ಮೇಲಿತ್ತು. ಅಷ್ಟು ಗಿಡ್ಡ ಕಿಟಕಿ ಯಾವ ಮನೆಯಲ್ಲಿತ್ತೆಂದು ಅವರಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಇದು ಯಾವ ಊರಿಂದು?"

"ಹೇಳ್ತೀನಿ, ಅಲ್ಲಾಡಬೇಡಿ," ಎಂದು ಹೆಂಡತಿ ಕತ್ತರಿ ಎತ್ತಿಕೊಂಡಳು.